ಅಡಿಗೆಯ ಮನೆಗೆ ಶಾಸ್ತ್ರವನ್ನು ತಂದ ಮಹಿಳೆ

ಪ್ರಾತಃಕಾಲದಲ್ಲಿ ಗೃಹಿಣಿಯ ಕೈ ಮೊದಲು ಮುಟ್ಟುವುದು ನೀರನ್ನು. ಬಾವಿಯಿಂದ ಸೇದಿದ್ದಾಗಲಿ, ನಲ್ಲಿಯಿಂದ ಹಿಡಿದದ್ದಾಗಲಿ, ಕೊಡದ ತಳವು ಕಾಣುವಷ್ಟು ತಿಳಿಯಾಗಿದ್ದರೆ ಅದು ಒಳ್ಳೆಯ ನೀರೆಂದು ನಂಬಿ ನಾವು ಕುಡಿಯುತ್ತೇವೆ, ಮಕ್ಕಳಿಗೂ ಕುಡಿಸುತ್ತೇವೆ. ಕಣ್ಣಿಗೆ ತಿಳಿಯಾದುದೆಲ್ಲವೂ ದೇಹಕ್ಕೆ ಹಿತವಾದುದಲ್ಲವೆಂಬುದನ್ನು ಹಿರಿಯರು ಬಲ್ಲರು. ಆದರೆ ಯಾವುದು ಹಿತ, ಯಾವುದು ಅಹಿತವೆಂಬುದನ್ನು ಅಳೆದು ತೂಗಿ ಹೇಳುವ ಬಗೆ ಹೇಗೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕುವುದರಲ್ಲಿ ತನ್ನ ಆಯುಷ್ಯದ ಬಹುಭಾಗವನ್ನು ಸವೆಸಿದ ಅಮೆರಿಕಾ ದೇಶದ ಒಬ್ಬ ಮಹಿಳೆಯ ಚರಿತ್ರೆಯನ್ನು ಈ ತಿಂಗಳು ವಾಚಕರ ಮುಂದಿಡಲು ಬಯಸುತ್ತೇವೆ. ಆಕೆಯ ಹೆಸರು ಎಲ್ಲೆನ್ ಸ್ವಾಲೋ ರಿಚರ್ಡ್ಸ್.

ಎಲ್ಲೆನ್ ಹುಟ್ಟಿದುದು 1842ನೆಯ ಇಸವಿ ಡಿಸೆಂಬರ್ 3ರಂದು, ಮ್ಯಾಸಚೂಸೆಟ್ಸ್ ಸಂಸ್ಥಾನದ ಡನ್‌ಸ್ಟಬಲ್ ಎಂಬ ಹಳ್ಳಿಯಲ್ಲಿ. ತಂದೆ ತಾಯಿಗಳಿಬ್ಬರೂ ಉಪಾಧ್ಯಾಯರಾಗಿದ್ದವರು, ಬೇಸಾಯದ ಮನೆತನ. ಅವರಿಗೆ ಈಕೆಯೊಬ್ಬಳೇ ಮಗಳು. ಶರೀರವು ಬಲವಾಗಿರಲಿಲ್ಲವಾದುದರಿಂದ ಮಗುವನ್ನು ಬಯಲಿನ ಗಾಳಿಯಲ್ಲಿ ಬೆಳೆಯಿಸಬೇಕೆಂದು ವೈದ್ಯರು ಹೇಳಿದ್ದರು. ಹೀಗಾಗಿ ಬಾಲಿಕೆಯು ತಂದೆಯ ಹಿಂದೆ ಹೊಲಗದ್ದೆಗಳಲ್ಲಿ ತಿರುಗುತ್ತ, ತಾಯಿಯ ಬಳಿ ಹೊಲಿಗೆ ಅಡಿಗೆಗಳನ್ನು ಕಲಿಯುತ್ತ, ಇಬ್ಬರಿಂದಲೂ ಮನೆಯಲ್ಲಿಯೇ ಅಕ್ಷರವಿದ್ಯೆಯನ್ನು ಪಡೆದಳು. ಆಕೆಗೆ ಹದಿನಾರು ತುಂಬಿದ ಮೇಲೆ, 1859ರಲ್ಲಿ, ಮಗಳ ವಿದ್ಯಾಭ್ಯಾಸಕ್ಕೋಸ್ಕರವಾಗಿ ಕುಟುಂಬವು ವೆಸ್ಟ್‌ಫರ್ಡ್ ಎಂಬ ಊರಿಗೆ ಬಂದು ನೆಲೆಸಿತು. ತಂದೆಯು ಅಲ್ಲಿ ಒಂದು ದಿನಸಿನ ಅಂಗಡಿಯನ್ನಿಟ್ಟನು.

ಶಾಲೆಯಿಂದ ಬಂದ ಮೇಲೆ ಮಗಳು ಅಂಗಡಿಯಲ್ಲಿ ಕುಳಿತು ವ್ಯಾಪಾರವನ್ನು ನೋಡಿಕೊಳ್ಳುತ್ತಿದ್ದಳು. ಆ ದಿನಗಳ ಒಂದು ಸಂಗತಿಯನ್ನು ಆಕೆಯ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಗಿರಾಕಿಗಳು ಒಲೆಯ ಸುತ್ತ ಕುಳಿತು ಹೊಗೆಯ ಸೇದುವುದನ್ನು ಎಲ್ಲೆನ್ ಆಕ್ಷೇಪಿಸಿದಳಂತೆ. ಅವರಲ್ಲೊಬ್ಬನು, ನಮಗೆ ಹೊಗೆಸೊಪ್ಪನ್ನು ಮಾರುವವರು ನೀವೇ, ಸೇದಬೇಡವೆನ್ನುವವರೂ ನೀವೇ, ಇದೆಂತಹ ನ್ಯಾಯವೆಂದು ಕೇಳಿದನು. ಅದಕ್ಕೆ ಹುಡುಗಿಯು, ನಾವು ಕಾಕಂಬಿಯನ್ನೂ ಮಾರುತ್ತೇವೆ. ಹಾಗೆಂದು ನೀವು ಅದನ್ನು ಇಲ್ಲಿಯೇ ಕುಳಿತು ಬೇಯಿಸುವಿರೇನೆಂದು ಉತ್ತರವಿತ್ತಳಂತೆ. ಮುಂದೆ ದೊಡ್ಡ ದೊಡ್ಡ ಪಂಡಿತರೆದುರಿನಲ್ಲಿಯೂ ಆಕೆಯ ಮಾತಿನ ರೀತಿ ಇದೇ ಆಗಿದ್ದಿತು. ಕೂಗಾಟವಿಲ್ಲ, ಅಳುಕೂ ಇಲ್ಲ.

ಶಾಲೆಯು ಮುಗಿದ ಮೇಲೆ ಮುಂದಿನ ದಾರಿಯು ಮುಚ್ಚಿಹೋಯಿತು. ಹೆಣ್ಣುಮಕ್ಕಳಿಗೆ ಉಚ್ಚ ವಿದ್ಯೆಯನ್ನು ಕೊಡುವ ಕಾಲೇಜುಗಳು ಆಗ ಬಹಳ ವಿರಳ. ಮನೆಯಲ್ಲಿ ಹಣವೂ ಇರಲಿಲ್ಲ. ತಾಯಿಗೆ ಅನಾರೋಗ್ಯ. ಎಲ್ಲೆನ್ ಪಾಠ ಹೇಳಿದಳು, ಅಂಗಡಿಯನ್ನು ನೋಡಿಕೊಂಡಳು, ರೋಗಿಗಳ ಶುಶ್ರೂಷೆ ಮಾಡಿದಳು, ಪರರ ಮನೆಗಳಲ್ಲಿ ಕಸಗುಡಿಸಿ ಒರಸುವ ಕೆಲಸವನ್ನೂ ಮಾಡಿದಳು. ಎರಡು ವರ್ಷಗಳ ಕಾಲ ಆಕೆಯ ಮನಸ್ಸು ಕತ್ತಲೆಯಲ್ಲಿ ಮುಳುಗಿದ್ದಿತೆಂದೂ, ಆ ಕಾಲವನ್ನು ಆಕೆಯೇ ನರಕಯಾತನೆಗೆ ಹೋಲಿಸಿದಳೆಂದೂ ತಿಳಿದುಬರುತ್ತದೆ. ಆದರೂ ಕಾಸಿಗೆ ಕಾಸು ಕೂಡಿಸಿ 300 ಡಾಲರುಗಳನ್ನು ಶೇಖರಿಸಿದಳು. 1868ರಲ್ಲಿ, ತನ್ನ ಇಪ್ಪತ್ತೈದನೆಯ ವಯಸ್ಸಿನಲ್ಲಿ, ನ್ಯೂಯಾರ್ಕ್ ಸಂಸ್ಥಾನದ ವ್ಯಾಸರ್ ಮಹಿಳಾ ಕಾಲೇಜನ್ನು ಸೇರಿದಳು. ಆ ಕಾಲೇಜು ತೆರೆದು ಆಗ ಮೂರೇ ವರ್ಷಗಳಾಗಿದ್ದವು.

ಅಲ್ಲಿ ಆಕೆಗೆ ಇಬ್ಬರು ಗುರುಗಳು ದೊರೆತರು. ಒಬ್ಬಳು 1847ರಲ್ಲಿ ಒಂದು ಧೂಮಕೇತುವನ್ನು ಕಂಡುಹಿಡಿದು ಖ್ಯಾತಳಾಗಿದ್ದ ಖಗೋಳಶಾಸ್ತ್ರಜ್ಞೆ ಮರಿಯಾ ಮಿಚೆಲ್. ಇನ್ನೊಬ್ಬನು ರಸಾಯನಶಾಸ್ತ್ರದ ಚಾರ್ಲ್ಸ್ ಫರಾರ್. ಶಾಸ್ತ್ರವು ದಿನದ ಬಾಳಿನ ತೊಡಕುಗಳನ್ನು ಬಿಡಿಸಲು ಒದಗಬೇಕೆಂಬುದು ಆತನ ಬೋಧೆಯಾಗಿದ್ದಿತು. ನಕ್ಷತ್ರಗಳ ಮೇಲೆ ಎಲ್ಲೆನಳಿಗೆ ಪ್ರೀತಿಯಿದ್ದರೂ, ಹಸಿದವರೂ ಜ್ವರಪೀಡಿತರೂ ಇರುವ ನೆಲವು ಆಕೆಯನ್ನು ತನ್ನ ಕಡೆಗೆ ಎಳೆಯಿತು. ಆಕೆಯು ರಸಾಯನಶಾಸ್ತ್ರವನ್ನು ಆರಿಸಿಕೊಂಡಳು.

1870ರಲ್ಲಿ ಪದವಿಯೇನೋ ಬಂದಿತು. ಕೆಲಸ ಕೊಡುವವರು ಬರಲಿಲ್ಲ. ರಾಸಾಯನಿಕ ಪರೀಕ್ಷೆಗಳನ್ನು ನಡೆಯಿಸುವ ವ್ಯಾಪಾರ ಸಂಸ್ಥೆಗಳಿಗೆ ಆಕೆಯು ಕಾಗದ ಬರೆದಳು. ಅವುಗಳಲ್ಲಿ ಬಾಸ್ಟನ್ ನಗರದ ಒಂದು ಸಂಸ್ಥೆಯವರು, ಹೊಸದಾಗಿ ಸ್ಥಾಪಿತವಾಗಿದ್ದ ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟಿನಲ್ಲಿ ವಿದ್ಯಾರ್ಥಿನಿಯಾಗಿ ಸೇರಲು ಯತ್ನಿಸಬಾರದೇಕೆಂದು ಸಲಹೆಯಿತ್ತರು. ಇಂದು ಎಂ.ಐ.ಟಿ. ಎಂದು ಲೋಕಪ್ರಸಿದ್ಧವಾಗಿರುವ ವಿದ್ಯಾಲಯವೇ ಅದು. ಅಲ್ಲಿಯವರೆಗೆ ಅದರ ಬಾಗಿಲನ್ನು ಯಾವ ಹೆಣ್ಣುಮಗಳೂ ದಾಟಿರಲಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ ಎಲ್ಲೆನಳಿಗೆ ಪ್ರವೇಶವು ದೊರೆಯಿತು. ಶುಲ್ಕವನ್ನು ಕೊಡಬೇಕಾಗಿಲ್ಲವೆಂದು ಅಧ್ಯಕ್ಷ ರಂಕಲ್ ತಿಳಿಸಿದನು.

ಬಡ ಹುಡುಗಿಯ ಮೇಲಿನ ಕರುಣೆಯಿಂದ ಶುಲ್ಕವನ್ನು ಬಿಟ್ಟರೆಂದು ಆಕೆಯು ಭಾವಿಸಿದಳು. ನಿಜಸ್ಥಿತಿಯು ಬೇರೆಯಾಗಿದ್ದಿತು. ವಿದ್ಯಾಲಯದ ಹಿರಿಯರಲ್ಲಿ ಯಾರಾದರೂ, ಹೆಂಗಸನ್ನೇಕೆ ಸೇರಿಸಿಕೊಂಡಿರೆಂದು ಆಕ್ಷೇಪಿಸಿದರೆ, ಆಕೆ ನಮ್ಮ ವಿದ್ಯಾರ್ಥಿನಿಯೇ ಅಲ್ಲ, ಆಕೆಯಿಂದ ನಾವು ಹಣವನ್ನೇ ಪಡೆದಿಲ್ಲವೆಂದು ಹೇಳಿ ಜಾರಿಕೊಳ್ಳುವುದಕ್ಕಾಗಿ ಮಾಡಿದ ಉಪಾಯವದು. ಈ ಸಂಗತಿಯು ಬಹುಕಾಲದ ಮೇಲೆ ಆಕೆಗೆ ತಿಳಿಯಿತು. ಮೊದಲೇ ತಿಳಿದಿದ್ದರೆ ತಾನು ಅಲ್ಲಿಗೆ ಹೋಗುತ್ತಿರಲಿಲ್ಲವೆಂದು ಆಕೆಯು ಹೇಳಿದಳು. ವಾಚಕರು ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಊಟಕ್ಕೆ ಕರೆದು ಎಲೆಯನ್ನು ಹಾಕದೆ, ಅತಿಥಿಗಳ ಲೆಕ್ಕದಲ್ಲಿಯೂ ಸೇರಿಸದೆ, ಮೂಲೆಯಲ್ಲಿ ಕೂರಿಸಿ ಬಡಿಸಿದಂತಾಯಿತು ಆಕೆಗೆ ಸಂದ ವಿದ್ಯೆ.

ಅಂತಹ ಸ್ಥಳದಲ್ಲಿ ಎಲ್ಲೆನ್ ಹೇಗೆ ನಡೆದುಕೊಂಡಳು? ಪ್ರಯೋಗಶಾಲೆಯಲ್ಲಿ ಸೂಜಿ, ದಾರ, ಕತ್ತರಿಗಳನ್ನು ಬಳಿಯಲ್ಲಿಟ್ಟುಕೊಂಡಿದ್ದಳು. ಪ್ರೊಫೆಸರರ ಉಡುಪು ಹರಿದರೆ ಹೊಲಿದುಕೊಟ್ಟಳು. ಮೇಜಿನ ಮೇಲಿನ ಧೂಳನ್ನು ಒರಸಿದಳು. ಚೆದರಿದ ಕಾಗದಗಳನ್ನು ಒಪ್ಪವಾಗಿಟ್ಟಳು. ವಿದ್ಯೆ ಕಲಿತ ಹೆಣ್ಣು ಮನೆಗೆಲಸಕ್ಕೆ ಬಾರದವಳಾಗುವಳೆಂಬ ದೂರಿಗೆ ಅವಕಾಶವನ್ನೇ ಕೊಡಬಾರದೆಂಬುದು ಆಕೆಯ ಎಣಿಕೆ. ಇದನ್ನು ಓದಿದಾಗ ಇಂದಿನ ಓದುಗರಿಗೆ ಸ್ವಲ್ಪ ಬೇಸರವಾಗಬಹುದು. ಗಂಡಸು ವಿದ್ಯಾರ್ಥಿಯನ್ನು ಯಾರೂ ಗುಂಡಿ ಹೊಲಿಯಲು ಕೇಳುತ್ತಿರಲಿಲ್ಲವಷ್ಟೆ. ಆದರೆ ತೆರೆದ ಬಾಗಿಲು ಮತ್ತೆ ಮುಚ್ಚಿದರೆ ತನ್ನ ಹಿಂದೆ ಬರುವ ಹುಡುಗಿಯರ ಗತಿಯೇನೆಂಬ ಚಿಂತೆಯನ್ನು ಹೊತ್ತವಳು ಆಕೆಯೊಬ್ಬಳೇ ಆಗಿದ್ದಳೆಂಬುದನ್ನೂ ಮರೆಯಬಾರದು.

1873ರಲ್ಲಿ ಆಕೆಯು ಆ ವಿದ್ಯಾಲಯದಿಂದ ವಿಜ್ಞಾನದ ಪದವಿಯನ್ನು ಪಡೆದಳು. ಕಬ್ಬಿಣದ ಅದುರಿನಲ್ಲಿ ಅತ್ಯಲ್ಪವಾಗಿದ್ದ ವನೇಡಿಯಂ ಎಂಬ ಧಾತುವನ್ನು ಕುರಿತ ಪ್ರಬಂಧಕ್ಕಾಗಿ ವ್ಯಾಸರ್ ಕಾಲೇಜು ಅದೇ ವರ್ಷ ಎಂ.ಎ. ಪದವಿಯನ್ನು ಕೊಟ್ಟಿತು. ಮತ್ತೆರಡು ವರ್ಷ ಸಂಶೋಧನೆಯನ್ನು ಮುಂದುವರಿಸಿದರೂ ಡಾಕ್ಟರ್ ಪದವಿಯು ಮಾತ್ರ ಆಕೆಗೆ ದೊರೆಯಲಿಲ್ಲ. 1875ರ ಜೂನ್ 4ರಂದು ಅದೇ ವಿದ್ಯಾಲಯದಲ್ಲಿ ಗಣಿಶಾಸ್ತ್ರದ ಪ್ರೊಫೆಸರನಾಗಿದ್ದ ರಾಬರ್ಟ್ ರಿಚರ್ಡ್ಸನೊಡನೆ ವಿವಾಹವಾಯಿತು. ಆತನು ವಿವಾಹದ ಪ್ರಸ್ತಾಪವನ್ನು ಮಾಡಿದುದು ಪ್ರಯೋಗಶಾಲೆಯಲ್ಲಿ. ಮದುವೆಯ ಬಳಿಕ ದಂಪತಿಗಳು ಕೈಕೊಂಡ ಪ್ರವಾಸವು ಗಣಿಶಾಸ್ತ್ರದ ವಿದ್ಯಾರ್ಥಿಗಳ ಸಂಗಡ ನೋವಾ ಸ್ಕೋಷಿಯಾ ಪ್ರಾಂತಕ್ಕೆ! ಇಂತಹ ದಾಂಪತ್ಯವು ಮೂವತ್ತಾರು ವರ್ಷಗಳ ಕಾಲ ಸುಖವಾಗಿ ನಡೆಯಿತು.

ಬಾಸ್ಟನ್ನಿನ ಜಮೈಕಾ ಪ್ಲೇನ್ ಎಂಬ ಭಾಗದಲ್ಲಿ ಅವರು ಮಾಡಿದ ಮನೆಯೇ ಒಂದು ಪಾಠಶಾಲೆಯಾಯಿತು. ಆ ಕಾಲದ ಸಿರಿವಂತರ ಮನೆಗಳಲ್ಲಿ ಕಿಟಕಿಗೆ ದಪ್ಪನೆಯ ಪರದೆಗಳು, ನೆಲಕ್ಕೆ ಮೊಳೆಹೊಡೆದು ಕೂರಿಸಿದ ಜಮಖಾನೆಗಳು. ಎರಡರಲ್ಲಿಯೂ ವರ್ಷದ ಧೂಳು. ಎಲ್ಲೆನ್ ಪರದೆಗಳನ್ನು ತೆಗೆಯಿಸಿ ಕಿಟಕಿಗಳಲ್ಲಿ ಗಿಡಗಳನ್ನು ಬೆಳೆಯಿಸಿದಳು. ಎತ್ತಿ ಕೊಡವಬಹುದಾದ ಸಣ್ಣ ಹಾಸುಗಳನ್ನು ಹಾಸಿದಳು. ಕಲ್ಲಿದ್ದಲ ಒಲೆಯನ್ನು ಬಿಟ್ಟು ಅನಿಲದ ಒಲೆಯನ್ನಿಟ್ಟಳು. ಕೆಟ್ಟ ಗಾಳಿಯು ಹೊರಹೋಗಲು ದಾರಿಯನ್ನು ಮಾಡಿಸಿದಳು. ಯಾವ ಕೆಲಸಕ್ಕೆ ಎಷ್ಟು ಹೊತ್ತು, ಯಾವ ಪದಾರ್ಥಕ್ಕೆ ಎಷ್ಟು ಹಣವೆಂಬುದಕ್ಕೆ ಲೆಕ್ಕವಿದ್ದಿತು.

ತನಗೆ ದೊರೆತ ವಿದ್ಯೆಯನ್ನು ತನ್ನ ಮನೆಯಲ್ಲಿಯೇ ಕಟ್ಟಿಡುವ ಸ್ವಭಾವ ಆಕೆಯದಲ್ಲ. 1876ರ ನವೆಂಬರಿನಲ್ಲಿ ಆಕೆಯ ಪ್ರಯತ್ನದಿಂದ, ಬಾಸ್ಟನ್ನಿನ ಮಹಿಳಾ ವಿದ್ಯಾಸಂಘದ ಧನಸಹಾಯದಿಂದ, ವಿದ್ಯಾಲಯದಲ್ಲಿ ಸ್ತ್ರೀಯರಿಗಾಗಿ ಒಂದು ರಸಾಯನ ಪ್ರಯೋಗಶಾಲೆಯು ತೆರೆಯಿತು. ಅಲ್ಲಿ ಆಕೆಯು ಸಂಬಳವಿಲ್ಲದೆ ದುಡಿದಳು; ಕೈಯಿಂದ ಹಣವನ್ನೂ ಹಾಕಿದಳು. ಬಂದವರಲ್ಲಿ ಬಹುಮಂದಿ ಶಾಲೆಯ ಉಪಾಧ್ಯಾಯಿನಿಯರು. ಗೋಡೆಗೆ ಅಂಟಿಸುವ ಬಣ್ಣದ ಕಾಗದಗಳಲ್ಲಿ ಪಾಷಾಣವಿದೆಯೇ, ದಿನಸಿನ ಅಂಗಡಿಯ ಪದಾರ್ಥಗಳಲ್ಲಿ ಏನೇನು ಕಲಬೆರಕೆಯಾಗಿದೆಯೆಂಬುದನ್ನು ಅವರು ಪರೀಕ್ಷಿಸಿ ತಿಳಿದರು. ಏಳು ವರ್ಷಗಳ ಬಳಿಕ, 1883ರಲ್ಲಿ, ಈ ಪ್ರಯೋಗಶಾಲೆಯನ್ನು ಮುಚ್ಚಿದರು. ಅದು ಸೋಲಾಗಿರಲಿಲ್ಲ, ವಿದ್ಯಾಲಯವು ಹೆಣ್ಣುಮಕ್ಕಳನ್ನು ಗಂಡುಮಕ್ಕಳೊಡನೆ ಸರಿಸಮವಾಗಿ ಸೇರಿಸಿಕೊಳ್ಳಲು ಒಪ್ಪಿದ್ದರಿಂದ ಪ್ರತ್ಯೇಕ ಕೋಣೆಯು ಅನಾವಶ್ಯಕವಾಗಿದ್ದಿತು. ಮರುವರ್ಷ ಆಕೆಗೆ ಅಲ್ಲಿಯೇ ಆರೋಗ್ಯರಸಾಯನದ ಬೋಧಕಿಯ ಸ್ಥಾನವು ದೊರೆಯಿತು. ಸಾಯುವವರೆಗೂ ಆಕೆಯು ಆ ಸ್ಥಾನದಲ್ಲಿದ್ದಳು.

ಮನೆಯನ್ನು ಬಿಟ್ಟು ಬರಲಾರದ ಹೆಂಗಸರನ್ನೂ ಆಕೆಯು ಮರೆಯಲಿಲ್ಲ. ಆನಾ ಟಿಕ್ನರ್ ಎಂಬಾಕೆಯು 1873ರಲ್ಲಿ ಸ್ಥಾಪಿಸಿದ ಒಂದು ಸಂಘವು ಅಂಚೆಯ ಮೂಲಕ ಮನೆಮನೆಗೆ ಪಾಠಗಳನ್ನು ಕಳುಹಿಸುತ್ತಿದ್ದಿತು. ಅದರ ವಿಜ್ಞಾನ ವಿಭಾಗವನ್ನು ಎಲ್ಲೆನ್ ವಹಿಸಿಕೊಂಡು, ಪುಸ್ತಕಗಳೊಡನೆ ಸೂಕ್ಷ್ಮದರ್ಶಕಗಳನ್ನೂ ಕಲ್ಲು ಗಿಡಗಳ ಮಾದರಿಗಳನ್ನೂ ಕಳುಹಿಸಿದಳು. ಇಪ್ಪತ್ತನಾಲ್ಕು ವರ್ಷಗಳಲ್ಲಿ 7,000ಕ್ಕೂ ಹೆಚ್ಚು ಸ್ತ್ರೀಯರು ಈ ಸಂಘದಿಂದ ಕಲಿತರು. ಅವರ ಕಾಗದಗಳಲ್ಲಿ ಪಾಠದ ಸಂಶಯಗಳ ಜತೆಗೆ ತಲೆನೋವು, ನಿದ್ರೆಗೇಡು, ಮನೆಯ ದುಗುಡಗಳೂ ಬರುತ್ತಿದ್ದವು. ಗೃಹಿಣಿಯ ಅನಾರೋಗ್ಯಕ್ಕೆ ಆಕೆಯ ಮನೆಯ ಗಾಳಿ, ನೀರು, ಆಹಾರ, ಉಡುಪುಗಳೇ ಎಷ್ಟೋ ವೇಳೆ ಕಾರಣವೆಂಬ ಆಕೆಯ ನಂಬಿಕೆಗೆ ಈ ಕಾಗದಗಳೂ ಬಲವನ್ನಿತ್ತವು. 1882ರಲ್ಲಿ ಅಡಿಗೆ ಮತ್ತು ಶುಚಿತ್ವಗಳ ರಸಾಯನವನ್ನು ಕುರಿತು ಗೃಹಿಣಿಯರಿಗೆ ತಿಳಿಯುವಂತೆ ಒಂದು ಪುಸ್ತಕವನ್ನು ಬರೆದಳು. ಹಿಟ್ಟು ಏಕೆ ಹುದುಗುತ್ತದೆ, ಸಾಬೂನು ಜಿಡ್ಡನ್ನು ಹೇಗೆ ಬಿಡಿಸುತ್ತದೆಯೆಂಬಂತಹ ವಿಷಯಗಳವು.

ಆ ಕಾಲದಲ್ಲಿ ಬಾಸ್ಟನ್ನಿನ ಎಡ್ವರ್ಡ್ ಕ್ಲಾರ್ಕ್ ಎಂಬ ವೈದ್ಯನು 1873ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿ, ಉಚ್ಚ ವಿದ್ಯೆಯು ಹೆಣ್ಣಿನ ದೇಹವನ್ನು ಕೆಡಿಸುವುದೆಂದು ಸಾರಿದ್ದನು. ತಂದೆತಾಯಿಗಳು ಹೆದರಿದ್ದರು. ಎಲ್ಲೆನ್ ಮತ್ತು ಆಕೆಯ ಶಿಷ್ಯೆ ಮೇರಿಯನ್ ಟ್ಯಾಲ್ಬಟ್ ಮೊದಲಾದವರು ಸೇರಿ ಪದವೀಧರೆಯರ ಸಂಘವನ್ನು ಕಟ್ಟಿದರು. ಅವರು ವಾದಕ್ಕೆ ಹೋಗಲಿಲ್ಲ. ಪದವೀಧರೆಯರಿಗೆ ಪ್ರಶ್ನಾವಳಿಗಳನ್ನು ಕಳುಹಿಸಿ, 705 ಮಂದಿಯ ಆರೋಗ್ಯದ ವಿವರಗಳನ್ನು ಕೂಡಿಹಾಕಿದರು. 1885ರಲ್ಲಿ ಪ್ರಕಟವಾದ ಆ ವರದಿಯಿಂದ ವಿದ್ಯೆಯು ಅವರ ಆರೋಗ್ಯವನ್ನು ಕೆಡಿಸಿಲ್ಲವೆಂದು ಕಂಡುಬಂದಿತು. ಭಯಕ್ಕೆ ಎಣಿಕೆಯೇ ಉತ್ತರವಾಯಿತು.

ಇನ್ನು ನೀರಿನ ವಿಷಯಕ್ಕೆ ಬರೋಣ. 1887ರಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನದ ಆರೋಗ್ಯಮಂಡಲಿಯು ತನ್ನ ಸೀಮೆಯ ಹೊಳೆ, ಕೆರೆ, ಬಾವಿಗಳ ನೀರನ್ನೆಲ್ಲ ಪರೀಕ್ಷಿಸಲು ತೊಡಗಿತು. ಪ್ರೊಫೆಸರ್ ಡ್ರೌನ್ ಅದರ ಮೇಲ್ವಿಚಾರಕನು. ಪ್ರಯೋಗಶಾಲೆಯ ಹೊಣೆ ಎಲ್ಲೆನಳದು. 40,000ದಷ್ಟು ಮಾದರಿಗಳು ಪರೀಕ್ಷೆಗೆ ಬಂದವು. ಅಷ್ಟು ದೊಡ್ಡ ಜಲಪರೀಕ್ಷೆಯು ಅದಕ್ಕೆ ಮೊದಲು ಆ ದೇಶದಲ್ಲಿ ನಡೆದಿರಲಿಲ್ಲ.

ಈ ಕಾರ್ಯದಿಂದ ಹೊರಬಂದ ಒಂದು ನಕ್ಷೆಯು ಪ್ರಖ್ಯಾತವಾಯಿತು. ಅದರ ಮರ್ಮವನ್ನು ಗೃಹಿಣಿಯರು ಸುಲಭವಾಗಿ ತಿಳಿಯಬಹುದು. ಎಲ್ಲ ನೀರಿನಲ್ಲಿಯೂ ನಾಲಗೆಗೆ ತಿಳಿಯದಷ್ಟು ಸ್ವಲ್ಪ ಉಪ್ಪಿರುತ್ತದೆ. ಉಪ್ಪಿನ ಒಂದು ಭಾಗವು ಕ್ಲೋರಿನ್. ಇಂದು ನಗರಗಳಲ್ಲಿ ಕ್ರಿಮಿಗಳನ್ನು ಕೊಲ್ಲಲು ನೀರಿಗೆ ಬೆರೆಯಿಸುವ ಕ್ಲೋರಿನ್ನಿನ ಮಾತಲ್ಲ ಇದು. ಉಪ್ಪಿನಲ್ಲಿ ಅಡಗಿರುವ ಅಂಶದ ಮಾತು. ಬೆಳ್ಳಿಯ ಒಂದು ಲವಣದ ದ್ರಾವಣವನ್ನು ಹನಿಹನಿಯಾಗಿ ಬಿಟ್ಟರೆ ಅದು ಬಿಳಿಯ ಗಸಿಯಾಗಿ ಕಾಣಿಸಿಕೊಳ್ಳುತ್ತದೆ. ಆದುದರಿಂದ ಅಳೆಯಲು ಸಾಧ್ಯ. ಸಮುದ್ರದ ಗಾಳಿಯು ಉಪ್ಪನ್ನು ಹೊತ್ತು ತರುವುದರಿಂದ ಕರಾವಳಿಯ ನೀರಿನಲ್ಲಿ ಅದು ಹೆಚ್ಚು. ಒಳನಾಡಿಗೆ ಹೋದಂತೆಲ್ಲ ಕಡಮೆ. ಮನುಷ್ಯರ ಸುಳಿವಿಲ್ಲದ ಶುದ್ಧ ಜಲಾಶಯಗಳ ನೀರನ್ನು ಪರೀಕ್ಷಿಸಿ, ಯಾವ ಯಾವ ಸ್ಥಳದಲ್ಲಿ ಸ್ವಾಭಾವಿಕವಾಗಿ ಎಷ್ಟು ಉಪ್ಪು ಇರಬೇಕೆಂಬುದನ್ನು ಗೊತ್ತುಮಾಡಿ, ಸಮಾನವಾದ ಸ್ಥಳಗಳನ್ನು ಗೆರೆಗಳಿಂದ ಸೇರಿಸಿ ನಕ್ಷೆಯನ್ನು ಬರೆದರು.

ಇನ್ನೊಂದು ಸಂಗತಿಯನ್ನು ಇದಕ್ಕೆ ಸೇರಿಸಿರಿ. ಮನುಷ್ಯರ ಮತ್ತು ದನಕರುಗಳ ಮೂತ್ರದಲ್ಲಿಯೂ, ಬಚ್ಚಲು ಮೋರಿಗಳ ನೀರಿನಲ್ಲಿಯೂ ಉಪ್ಪು ಧಾರಾಳವಾಗಿರುತ್ತದೆ. ಆದುದರಿಂದ ಒಂದೂರಿನ ಬಾವಿಯಲ್ಲಿ ನಕ್ಷೆಯು ಹೇಳುವುದಕ್ಕಿಂತ ಹೆಚ್ಚು ಉಪ್ಪು ಕಂಡರೆ, ಎಲ್ಲಿಯೋ ಮೋರಿಯ ನೀರು ಅದಕ್ಕೆ ಇಳಿಯುತ್ತಿದೆಯೆಂಬ ಶಂಕೆಗೆ ಬಲವಾದ ಕಾರಣವಾಯಿತು. ಉಪ್ಪೇನೂ ರೋಗವನ್ನು ತರುವುದಿಲ್ಲ. ಅದು ಸಾಕ್ಷಿ ಮಾತ್ರ. ಕಳ್ಳನು ಕಾಣದಿದ್ದರೂ ಅವನ ಹೆಜ್ಜೆಯ ಗುರುತು ಕಂಡಂತೆ. ವಿಷಮಶೀತ ಜ್ವರವು ಕುಡಿಯುವ ನೀರಿನ ಮೂಲಕ ಮನೆಗಳನ್ನು ಹಾಳುಮಾಡುತ್ತಿದ್ದ ಆ ದಿನಗಳಲ್ಲಿ ಈ ಸಾಕ್ಷಿಯ ಬೆಲೆ ಎಷ್ಟೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ಊರುಗಳಿಗೆ ನೀರನ್ನೊದಗಿಸುವ ಎಂಜಿನಿಯರರು ಆಕೆಯ ಬಳಿ ನೀರು, ಗಾಳಿ, ಕೊಳಚೆಗಳ ಪರೀಕ್ಷೆಯನ್ನು ಕಲಿತು ಹೋದರು.

ಇಷ್ಟೆಲ್ಲ ಗೆಲವುಗಳ ನಡುವೆ ಒಂದು ಸೋಲನ್ನೂ ಹೇಳಬೇಕು. 1890ರ ಜನವರಿಯಲ್ಲಿ, ಮೇರಿ ಹಿನ್ಮನ್ ಏಬಲ್ ಎಂಬಾಕೆಯೊಡನೆ ಸೇರಿ, ಎಲ್ಲೆನ್ ಬಾಸ್ಟನ್ನಿನಲ್ಲಿ ‘ನ್ಯೂ ಇಂಗ್ಲೆಂಡ್ ಪಾಕಶಾಲೆ’ಯನ್ನು ತೆರೆದಳು. ಬಡ ಕೂಲಿಗಾರರಿಗೆ ಕಡಮೆ ಬೆಲೆಗೆ ಪುಷ್ಟಿಕರವಾದ ಆಹಾರವನ್ನು ಒದಗಿಸುವುದು, ಅಡಿಗೆಯನ್ನು ಅವರ ಕಣ್ಣೆದುರಿಗೇ ಮಾಡಿ ಕಲಿಸುವುದು ಅದರ ಉದ್ದೇಶ. ಪದಾರ್ಥಗಳನ್ನು ತೂಕಮಾಡಿ, ಪೌಷ್ಟಿಕಾಂಶಗಳನ್ನು ಲೆಕ್ಕ ಹಾಕಿ, ಪ್ರತಿದಿನವೂ ಒಂದೇ ಹದದಲ್ಲಿ ಸಾರು ಗಂಜಿಗಳನ್ನು ಮಾಡಿದರು. ಎಲ್ಲವೂ ಶಾಸ್ತ್ರಸಮ್ಮತ. ಆದರೆ ಯಾರಿಗಾಗಿ ಮಾಡಿದ್ದರೋ ಅವರೇ ಬರಲಿಲ್ಲ. ಐರ್ಲೆಂಡಿನಿಂದಲೂ ಇಟಲಿಯಿಂದಲೂ ಹೊಟ್ಟೆಪಾಡಿಗಾಗಿ ಬಂದು ನೆಲೆಸಿದ್ದ ಆ ಜನರಿಗೆ ತಮ್ಮ ತಾಯಂದಿರ ಕೈಯ ರುಚಿ ಬೇಕಾಗಿದ್ದಿತು. ತನಗೆ ಇಷ್ಟವಾದುದನ್ನೇ ತಾನು ತಿನ್ನುವೆನೆಂದು ಒಬ್ಬ ಹೆಂಗಸು ಹೇಳಿಯೇಬಿಟ್ಟಳಂತೆ.

ನಮ್ಮ ಅಭಿಪ್ರಾಯದಲ್ಲಿ ಆ ಹೆಂಗಸಿನ ಮಾತಿನಲ್ಲಿಯೂ ಶಾಸ್ತ್ರವಿದ್ದಿತು. ಆಹಾರದಲ್ಲಿ ಸಾರಾಂಶವೆಷ್ಟೆಂದು ಅಳೆಯಬಹುದು. ಅದರೊಡನೆ ಬರುವ ನೆನಪನ್ನು ಅಳೆಯುವ ತಕ್ಕಡಿಯು ರಿಚರ್ಡ್ಸಳ ಪ್ರಯೋಗಶಾಲೆಯಲ್ಲಿರಲಿಲ್ಲ. ಬಡವರಿಗೆ ಉಪಕಾರ ಮಾಡಹೊರಟವರು ಮೊದಲು ಅವರ ಮನೆಯ ಜಗಲಿಯಲ್ಲಿ ಕುಳಿತು ಕೇಳಬೇಕಾಗಿದ್ದಿತು. ಆದರೂ ಎಲ್ಲೆನ್ ಕೈಚೆಲ್ಲಲಿಲ್ಲ. 1893ರಲ್ಲಿ ಷಿಕಾಗೋ ನಗರದ ಮಹಾ ಪ್ರದರ್ಶನದಲ್ಲಿ ‘ರಂಫರ್ಡ್ ಪಾಕಶಾಲೆ’ಯನ್ನು ನಡೆಯಿಸಿ, ಪ್ರತಿಯೊಂದು ಊಟದ ಪೌಷ್ಟಿಕಾಂಶವನ್ನು ಪಟ್ಟಿಯಲ್ಲಿ ಬರೆದು ಜನರಿಗೆ ತೋರಿಸಿದಳು. 1894ರಿಂದ ನ್ಯೂ ಇಂಗ್ಲೆಂಡ್ ಪಾಕಶಾಲೆಯ ಆಹಾರವು ಬಾಸ್ಟನ್ನಿನ ಪ್ರೌಢಶಾಲೆಗಳ ಮಕ್ಕಳಿಗೆ ಮಧ್ಯಾಹ್ನದ ಊಟವಾಗಿ ಹೋಗತೊಡಗಿತು. ಕೂಲಿಗಾರರ ಬಿಡಾರದಲ್ಲಿ ಸೋತ ಯೋಜನೆಯು ಶಾಲೆಯಲ್ಲಿ ಫಲಿಸಿತು.

1899ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಲೇಕ್ ಪ್ಲಾಸಿಡ್ ಎಂಬಲ್ಲಿ ಹನ್ನೊಂದು ಮಂದಿ ಸೇರಿ, ಮನೆಯನ್ನು ನಡೆಯಿಸುವ ವಿದ್ಯೆಗೆ ಶಾಸ್ತ್ರದ ಸ್ಥಾನವನ್ನು ಕೊಡಬೇಕೆಂದು ಆಲೋಚಿಸಿದರು. 1908ರವರೆಗೆ ವರ್ಷವರ್ಷವೂ ನಡೆದ ಈ ಸಮ್ಮೇಳನಗಳಿಗೆ ಎಲ್ಲೆನಳೇ ಮುಂದಾಳು. ಅವುಗಳ ಫಲವಾಗಿ ಅಮೆರಿಕಾದ ಗೃಹಾರ್ಥಶಾಸ್ತ್ರ ಸಂಘವು ಹುಟ್ಟಿತು. ಆಕೆಯೇ ಅದರ ಪ್ರಥಮ ಅಧ್ಯಕ್ಷೆಯಾದಳು. ನಮ್ಮ ನಾಡಿನ ಕಾಲೇಜುಗಳಲ್ಲಿಯೂ ಕಲಿಸಲ್ಪಟ್ಟ ಗೃಹವಿಜ್ಞಾನವೆಂಬ ವಿಷಯವು ಇದೇ ವಂಶದ್ದು. 1910ರಲ್ಲಿ ಸ್ಮಿತ್ ಕಾಲೇಜು ಆಕೆಗೆ ಗೌರವ ಡಾಕ್ಟರ್ ಪದವಿಯನ್ನು ಕೊಟ್ಟಿತು. ಯೌವನದಲ್ಲಿ ದುಡಿದು ಪಡೆಯಲಾಗದುದು ಅರವತ್ತೇಳನೆಯ ವಯಸ್ಸಿನಲ್ಲಿ ಗೌರವಾರ್ಥವಾಗಿ ಬಂದಿತು. 1911ರ ಮಾರ್ಚ್ 30ರಂದು ಹೃದ್ರೋಗದಿಂದ ಆಕೆಯು ತೀರಿಕೊಂಡಳು.

ಹೆಣ್ಣನ್ನು ಮತ್ತೆ ಅಡಿಗೆಯ ಮನೆಗೇ ಕಟ್ಟಿಹಾಕುವುದಕ್ಕೆ ಗೃಹವಿಜ್ಞಾನವು ಒಂದು ನೆವವಾಯಿತೆಂದು ಅನಂತರದ ಕಾಲದವರು ಟೀಕಿಸಿದ್ದಾರೆ. ಈ ಟೀಕೆಯನ್ನು ತಳ್ಳಿಹಾಕುವಂತಿಲ್ಲ. ರಸಾಯನಶಾಸ್ತ್ರವನ್ನು ಕಲಿಯಬಯಸಿದ ಎಷ್ಟೋ ಹುಡುಗಿಯರನ್ನು, ನಿಮಗೆ ಇದೇ ಸಾಕೆಂದು ಅತ್ತ ತಿರುಗಿಸಿದುದುಂಟು. ಆದರೆ ಎಲ್ಲೆನಳ ಉದ್ದೇಶವು ಅದಾಗಿರಲಿಲ್ಲ. ಹೆಣ್ಣು ಮನೆಯಲ್ಲಿಯೇ ಇರಬೇಕೆಂದು ಆಕೆಯು ಹೇಳಿದುದಿಲ್ಲ. ಮನೆಯೊಳಗೆ ಅಜ್ಞಾನವು ಇರಕೂಡದೆಂದು ಹೇಳಿದಳು. ಆಕೆಯ ದೃಷ್ಟಿಯಲ್ಲಿ ಮನೆಯೆಂಬುದು ಗೋಡೆಗಳ ಒಳಗೆ ಮುಗಿಯುವುದೂ ಅಲ್ಲ. ನಮ್ಮ ಕೊಡದ ನೀರು ಊರ ಕೆರೆಯಿಂದ ಬರುತ್ತದೆ. ನಮ್ಮ ಬಚ್ಚಲ ನೀರು ನೆರೆಯವರ ಬಾವಿಯ ಕಡೆಗೆ ಹರಿಯುತ್ತದೆ. ಆದುದರಿಂದ ಒಲೆಯ ಮುಂದೆ ಕುಳಿತವಳಿಗೆ ಊರಿನ ಆಡಳಿತದಲ್ಲಿಯೂ ಮಾತಿರಬೇಕಲ್ಲವೆ?

ಈ ಚರಿತ್ರೆಯನ್ನು ಓದಿದ ನಮ್ಮ ವಾಚಕರು ನಾಳೆಯೇ ಮನೆಯಲ್ಲಿ ಪ್ರಯೋಗಶಾಲೆಯನ್ನು ತೆರೆಯಬೇಕೆಂದು ನಾವು ಹೇಳುವುದಿಲ್ಲ. ನಾಳೆ ಬೆಳಗ್ಗೆ ನೀರನ್ನು ತುಂಬುವಾಗ, ಇದು ಎಲ್ಲಿಂದ ಬಂದಿತು, ದಾರಿಯಲ್ಲಿ ಏನನ್ನು ದಾಟಿ ಬಂದಿತು, ಇದನ್ನು ಕಡೆಯ ಸಲ ಪರೀಕ್ಷಿಸಿದವರು ಯಾರೆಂದು ಒಮ್ಮೆ ಕೇಳಿಕೊಂಡರೆ ಸಾಕು. ಉತ್ತರವು ತಿಳಿಯದಿದ್ದರೆ ತಿಳಿದವರನ್ನು ಕೇಳಲಿ. ಮಗಳು ಬಂದು, ಹಾಲು ಏಕೆ ಒಡೆಯಿತಮ್ಮಾ ಎಂದು ಪ್ರಶ್ನಿಸಿದರೆ, ಕೆಲಸವಿದೆ ಹೋಗೆಂದು ಗದರಿಸದೆ ಹತ್ತಿರ ಕೂರಿಸಿಕೊಂಡು ಯೋಚಿಸಲಿ. ಮ್ಯಾಸಚೂಸೆಟ್ಸಿನ ಆ ಹಳ್ಳಿಯ ಹುಡುಗಿಗೂ ಮೊದಲ ಪಾಠಗಳು ದೊರೆತದ್ದು ಮನೆಯಲ್ಲಿ, ತಂದೆತಾಯಿಗಳ ಬಳಿಯಲ್ಲಿಯೇ.